ಏಣಿಯಿಲ್ಲದ ಹೊಸ ಬಸ್ಸು

ದಾರಿ ಸಾಗಿಸುವ ಶಿವನಿಗೆ ಮೊದಲು ಶರಣು.

ನಾನಾಗ ಹಡಗಲಿಯಿಂದ ಹರಪನಹಳ್ಳಿಗೆ ಹೋಗುವ ಬಸ್ಸಿನ ಕಂಡಕ್ಟರ್. ಹಳೆಯದು ಹೋಗಿ ಹೊಸ ಬಸ್ಸು ಬಂದ ಮೊದಲ ಬೆಳಿಗ್ಗೆ ಹೂವಿನ ಗೌರಮ್ಮ ಎಂದಿನಂತೆ ಮಲ್ಲಿಗೆ ಮಾಲೆಗಳ ಒದ್ದೆ ಪುಟ್ಟಿ ಹೊತ್ತು ಬಸ್ಸಿನ ಹಿಂದಕ್ಕೆ ಹೋದಳು. ಹೋದವಳು ಅಲ್ಲೇ ನಿಂತಳು.

"ಕಂಡಕ್ಟರಪ್ಪಾ, ಟಾಪಿಗೆ ಹತ್ತೋ ಏಣಿ ಎಲ್ಲೈತಿ?"

"ಹೊಸ ಬಸ್ಸಿಗೆ ಏಣಿ ಇಲ್ಲಮ್ಮ. ನೀರು ಸೋರೋ ಪುಟ್ಟಿ ಒಳಗ ತರಂಗಿಲ್ಲ, ಸೀಟು ಕೆಡ್ತಾವ."

"ಹತ್ತು ಗಂಟಿಗೆ ಹರಪನಹಳ್ಳ್ಯಾಗ ತಾಳಿ ಕಟ್ಟೋದೈತಿ. ಹೂವಿಲ್ದ ಮದಿವಿ ಮಾಡ್ಕೋರಿ ಅಂತ ನೀನಾ ಹೋಗಿ ಹೇಳು!"

ನಾನು ಮನಸ್ಸಿನಲ್ಲೇ ಶಿವನನ್ನು ನೆನೆದೆ. ಅಷ್ಟರಲ್ಲಿ ಕಿಟಕಿಯಿಂದ ಮುದುಕರೊಬ್ಬರು ಕೈ ಚಾಚಿದರು: "ಪುಟ್ಟಿ ಬ್ಯಾಡಂದ್ರ ಹೂವರ ಕೊಡಬೇ, ತೊಡಿ ಮ್ಯಾಲ ಇಟ್ಕೊಂತೀನಿ."

ಅಷ್ಟೇ ಸಾಕಾಯಿತು. ಒಬ್ಬೊಬ್ಬರ ಮಡಿಲಲ್ಲೂ ಒಂದೊಂದು ಮಾಲೆ. ನಡುವೆ ಇಳಿಯುವವರು ತಮ್ಮ ಮಾಲೆಯನ್ನು ಹತ್ತಿದವರ ಕೈಗಿಟ್ಟು ಇಳಿದರು.

ಹರಪನಹಳ್ಳಿಯಲ್ಲಿ ಪುಟ್ಟಿ ತುಂಬಿಸುವಾಗ ಒಂದು ಮಾಲೆ ಕಡಿಮೆ. ಗೌರಮ್ಮ ನನ್ನನ್ನೇ ದಿಟ್ಟಿಸಿದಳು. ನಾನು ಡ್ರೈವರನ ಕನ್ನಡಿಯತ್ತ ಕೈ ತೋರಿಸಿದೆ.

"ಮೊದಲ್ನೇ ದಿನ, ಬೋಳು ಬಸ್ಸು ಹೊಡಿಯಾಕ ಮನಸ್ಸು ಬರಲಿಲ್ಲಬೇ," ಎಂದ ಅವನು.

"ಕಳ್ಳಾ! ಇರ್ಲಿ ಬಿಡು. ನಾಳಿನೂ ಇದಾ ಬಸ್ಸಿಗೆ ಬರ್ತೀನಿ."

ಸೀಟು ಒದ್ದೆಯಾಗಲಿಲ್ಲ. ಒದ್ದೆಯಾದದ್ದು ಜನರ ಧೋತರ, ಸೀರೆ. ಅದಕ್ಕೆ ನಮ್ಮಲ್ಲಿ ನಿಯಮ ಇರಲಿಲ್ಲ.

ಇಷ್ಟು ಕೇಳಿದ ನಿಮಗೆಲ್ಲ ಶಿವನು ಹತ್ತಿದ ಬಸ್ಸಿನಲ್ಲಿ ಸೀಟನ್ನೂ, ಪಕ್ಕದಲ್ಲಿ ಇಂಥ ಜನರನ್ನೂ ಕೊಡಲಿ.