ಮಾಕುಟ್ಟದ ಗೇಟಿನಲ್ಲಿ ಕೂಗಿದ ಮಾತು

ಸೈಕಲ್ಲಿನ ಗಂಟೆಯೊಳಗೆ ಕೆಂಪು ಮಣ್ಣು ತುಂಬಿಕೊಂಡಿತ್ತು. ಒತ್ತಿದರೆ 'ಟಿಣ್' ಎನ್ನದೆ 'ಟಕ್' ಎನ್ನುತ್ತಿತ್ತು. ಇನ್‌ಸ್ಪೆಕ್ಟರು ಎರಡು ಸಲ ಒತ್ತಿ ನೋಡಿ, ಹೆಬ್ಬೆರಳನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

ಕೊಡಗು ಆಗ ಪ್ರತ್ಯೇಕ ರಾಜ್ಯ. ನಾನು ಮೈಸೂರಿನಲ್ಲಿ ಭೂಗೋಳದ ಪದವಿ ಮುಗಿಸಿ, ಮಡಿಕೇರಿಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಉಪಾಧ್ಯಾಯಿನಿಯಾಗಿ ಸೇರಿ ಎರಡನೆಯ ವರ್ಷ. ಮೇಲಿನ ತರಗತಿಯ ಹುಡುಗಿಯರನ್ನು ರಜೆಯಲ್ಲಿ ಸೈಕಲ್ ಪ್ರವಾಸಕ್ಕೆ ಕರೆದೊಯ್ಯಬೇಕೆಂದು ನಮ್ಮ ಮುಖ್ಯೋಪಾಧ್ಯಾಯಿನಿಯವರು ಯೋಚಿಸಿದ್ದರು. ಮೊದಲು ದಾರಿ ನೋಡಿ ಬರುವ ಕೆಲಸ ನನಗೂ ವ್ಯಾಯಾಮ ಶಿಕ್ಷಕಿ ಜಯಮ್ಮನಿಗೂ ಬಿತ್ತು. ಎಲ್ಲಿ ಏರು, ಎಲ್ಲಿ ಇಳಿಜಾರು, ಕುಡಿಯುವ ನೀರು ಎಲ್ಲಿ ಸಿಗುತ್ತದೆ, ಮಳೆ ಬಂದರೆ ನಿಲ್ಲಲು ಜಾಗವೆಲ್ಲಿ ಎಂಬುದನ್ನೆಲ್ಲ ಗೊತ್ತುಮಾಡಬೇಕಿತ್ತು.

ಜಯ ನನ್ನ ಓರಗೆಯವಳು. ಹಾಸನದ ಕಡೆಯಿಂದ ಬಂದು ಕುಶಾಲನಗರದ ಹತ್ತಿರ ನೆಲೆಸಿದ ಒಕ್ಕಲು ಮನೆತನದವಳು. ನಾನು ಮಾತು ಕಡಿಮೆ. ಅವಳು ನನ್ನ ಪಾಲಿನದನ್ನೂ ಸೇರಿಸಿ ಆಡುತ್ತಿದ್ದಳು. ನನ್ನನ್ನು ಕರೆಯುತ್ತಿದ್ದುದೇ 'ಭೂಗೋಳ' ಎಂದು.

ಮೊದಲ ಮಾರ್ಗ ಮಡಿಕೇರಿಯಿಂದ ಸುಂಟಿಕೊಪ್ಪ, ಮಾದಾಪುರದ ಮೇಲೆ ಸೋಮವಾರಪೇಟೆಗೆ. ಅದನ್ನು ಸುಲಭವಾಗಿಯೇ ಮುಗಿಸಿದೆವು. ಮಾದಾಪುರದ ಬಳಿ ಎಸ್ಟೇಟಿನ ಲೆಕ್ಕ ಬರೆಯುವ ರೈಟರೊಬ್ಬರು ನಮ್ಮನ್ನು ನಿಲ್ಲಿಸಿ, "ಟೀಚರಮ್ಮ, ಸೈಕಲ್ ಪಂಚರ್ ಆದ್ರೆ ಮನೆಯವ್ರು ಬರ್ತಾರಾ?" ಎಂದು ಕೇಳಿದರು. ಕೂಲಿ ಲೈನಿನ ಹೆಂಗಸರು ಬುಟ್ಟಿ ಇಳಿಸಿ ನಗಲು ಕಾದು ನಿಂತರು.

"ಮನೆಯವ್ರೇ ಪಂಚರ್ ಆದ್ರೆ ಏನ್ ಮಾಡೋದು ರೈಟರ್ರೇ, ಅದ್ನ ಹೇಳಿ ಮೊದ್ಲು" ಎಂದಳು ಜಯ. ಹೆಂಗಸರು ನಕ್ಕದ್ದು ರೈಟರನ್ನು ನೋಡಿ.

ಎರಡನೆಯ ಮಾರ್ಗ ವಿರಾಜಪೇಟೆಯಿಂದ ಮಾಕುಟ್ಟದ ಕಾಡು ಹಾದು ಘಟ್ಟ ಇಳಿದು ಸಮುದ್ರ ತೀರಕ್ಕೆ. ಗಡಿಯಾಚೆ ಆಗ ಮದ್ರಾಸ್ ರಾಜ್ಯದ ಮಲಬಾರು. ನಮ್ಮ ಹುಡುಗಿಯರಲ್ಲಿ ಹೆಚ್ಚಿನವರು ಸಮುದ್ರ ನೋಡಿರಲಿಲ್ಲ. ಜಯಳೂ ನೋಡಿರಲಿಲ್ಲ. ದಾರಿಯುದ್ದಕ್ಕೂ ನಾನು ಆಗಾಗ ನಿಂತು ತಿರುವುಗಳನ್ನು ಗುರುತು ಹಾಕಿಕೊಳ್ಳುತ್ತಿದ್ದರೆ ಅವಳಿಗೆ ತಡೆಯುತ್ತಿರಲಿಲ್ಲ. "ನೀನು ಹಿಂಗೇ ನಿಂತ್ಕತಾ ಇರು ಭೂಗೋಳ. ನಾವು ಹೋಗೋ ಹೊತ್ಗೆ ಸಮುದ್ರ ಬತ್ತೋಗಿರ್ತದೆ."

ನಮ್ಮ ಸೈಕಲ್ಲುಗಳ ಬಗ್ಗೆ ಒಂದು ಮಾತು ಹೇಳಬೇಕು. ಅವು ಆಗಿನ ಭಾರದ ಸೈಕಲ್ಲುಗಳು. ಹ್ಯಾಂಡಲಿನ ಕೆಳಗಿನ ಹಿಡಿಯನ್ನು ಒತ್ತಿದರೆ ಕಬ್ಬಿಣದ ಸರಳು ರಬ್ಬರಿನ ತುಂಡುಗಳನ್ನು ಚಕ್ರದ ಅಂಚಿಗೆ ಒತ್ತುತ್ತದೆ. ಒಣ ರಸ್ತೆಯಲ್ಲಿ ಇಂಥ ಬ್ರೇಕು ಸಾಕು. ಅಂಚು ಒದ್ದೆಯಾದರೆ ರಬ್ಬರು ಜಾರುತ್ತದೆ. ಸೈಕಲ್ಲು ನಿಧಾನವಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಹಿಂದಿನ ರಾತ್ರಿ ಘಟ್ಟದಲ್ಲಿ ಮಳೆಯಾಗಿತ್ತು.

ಮಾಕುಟ್ಟದ ಗೇಟೆಂದರೆ ರಸ್ತೆಗೆ ಅಡ್ಡಲಾಗಿ ಒಂದು ಮರದ ಕಂಬ, ಪಕ್ಕದಲ್ಲಿ ಒಂದು ಕೋಣೆ. ಕಂಬ ಸದಾ ಅಡ್ಡ ಬಿದ್ದೇ ಇರುತ್ತಿತ್ತು. ಬಸ್ಸಿನ ಜನರನ್ನು ಇಳಿಸಿ, ಬಸ್ಸು ಲಾರಿಗಳ ತಪಾಸಣೆಯಾದ ಮೇಲೆ ಎತ್ತಿ ಬಿಡುವುದು. ನಡೆದು ಹೋಗುವವರಿಗೂ ಸೈಕಲ್ಲಿನವರಿಗೂ ಕಂಬದ ತುದಿಯಲ್ಲಿ ಸಂದು ಇತ್ತು. ಆದ್ದರಿಂದ ಮುಂದೆ ದಾರಿ ಕೆಟ್ಟಿದೆ ಎಂಬುದು ಮುಚ್ಚಿದ ಗೇಟನ್ನು ನೋಡಿ ತಿಳಿಯುವಂತಿರಲಿಲ್ಲ. ಗೇಟು ದಾಟಿದ ಕೂಡಲೇ ಇಳಿಜಾರು. ಅದರ ಕೊನೆಯ ತಿರುವಿನಲ್ಲಿ ಬೆಳಗಿನ ಜಾವ ರಸ್ತೆ ಬದಿಯ ಮಣ್ಣಿನ ಬರೆ ಕುಸಿದು ರಸ್ತೆಯ ತುಂಬ ಕೆಸರು ಹರಡಿತ್ತು. ಅಂಚಿನ ಗೋಡೆಯೂ ಕೊಚ್ಚಿಹೋಗಿತ್ತು. ಬೆಟ್ಟದ ಬದಿ ಹಿಡಿದು ನಡೆದರೆ ದಾಟಬಹುದಿತ್ತು.

ಜಯ ಮುಂದೆ, ನಾನು ಸ್ವಲ್ಪ ಹಿಂದೆ. ಗೇಟು ಕಾಯುತ್ತಿದ್ದವರು ಕಣ್ಣನ್ ಎಂಬ ಮಲಯಾಳಿ, ನಡುವಯಸ್ಸು ದಾಟಿದವರು. ಕೋಣೆಯ ಬಾಗಿಲಲ್ಲಿ ನಿಂತಿದ್ದರು. ಜಯ ಸಂದಿನ ಹತ್ತಿರ ವೇಗ ತಗ್ಗಿಸಿ, "ಅಣ್ಣಾ, ಇಳೀಬೋದಾ?" ಎಂದು ಕೂಗಿದಳು.

ಅವರು ಕೈಯನ್ನು ನೆಲದ ಕಡೆ ಬೀಸಿ, "ಇಳೀರಿ ಇಳೀರಿ!" ಎಂದರು.

ಜಯ ಇಳಿದಳು. ಎಂದರೆ, ಘಟ್ಟ ಇಳಿದಳು.

ಕಣ್ಣನ್ ಮಲಯಾಳದಲ್ಲಿ ಏನೋ ಕಿರುಚುತ್ತ ಅವಳ ಹಿಂದೆ ಓಡಿದಾಗಲೇ ನನಗೆ ಏನೋ ತಪ್ಪಿದೆ ಎಂದು ತಿಳಿದದ್ದು. ತಿರುವಿನಲ್ಲಿ ಮೊದಲು ಸೈಕಲ್ಲು ಸಿಕ್ಕಿತು. ಜಯ ಇನ್ನೂ ಕೆಳಗೆ, ತೊರೆಯ ಕಲ್ಲುಗಳ ನಡುವೆ ಇದ್ದಳು. ರಸ್ತೆ ಕೆಲಸದ ಆಳುಗಳು ಅವಳನ್ನು ಮೇಲಕ್ಕೆ ತರುವಷ್ಟರಲ್ಲಿ ಉಸಿರು ಇರಲಿಲ್ಲ. ಇದಕ್ಕಿಂತ ಹೆಚ್ಚಿಗೆ ನಾನು ಯಾರಿಗೂ ಹೇಳಿಲ್ಲ, ಇಲ್ಲಿಯೂ ಬರೆಯುವುದಿಲ್ಲ.

ಮರುದಿನ ವಿರಾಜಪೇಟೆಯಿಂದ ಇನ್‌ಸ್ಪೆಕ್ಟರು ನನ್ನನ್ನು ಜೀಪಿನಲ್ಲಿ ಗೇಟಿಗೆ ಕರೆತಂದರು. ಗಂಟೆ ಒತ್ತಿ ನೋಡಿದ್ದು ಆಗಲೇ. ಕಣ್ಣನ್ ಕೋಣೆಯ ಮೆಟ್ಟಿಲ ಮೇಲೆ ಕೂತಿದ್ದರು, ಪಕ್ಕದಲ್ಲಿ ಒಬ್ಬ ಪೊಲೀಸಿನವನು. ಬಾಗಿಲ ಹಿಂದೆ ಅವರ ಹೆಂಡತಿ ಅಳುತ್ತಿದ್ದುದು ಕೇಳುತ್ತಿತ್ತು.

"ನೀವು ಕಿವಿಯಾರೆ ಕೇಳಿದ್ದೀರಿ. ಇವನು ಏನಂದ?" ಎಂದರು ಇನ್‌ಸ್ಪೆಕ್ಟರು.

"ಇಳೀರಿ ಅಂದರು."

"ಅಂದ್ರೆ, ಮುಂದೆ ದಾರಿ ಕೆಟ್ಟಿರೋದು ಗೊತ್ತಿದ್ದೂ ಕಳಿಸಿದ. ಅಷ್ಟಾದ್ರೆ ಇವನ ಮೇಲೆ ಕೇಸು. ಇಲ್ಲ, ಇವನು ಎಚ್ಚರಿಕೆ ಕೊಟ್ಟ, ಆ ಹುಡುಗಿ ಕೇಳದೆ ನುಗ್ಗಿದ್ಳು. ಎರಡರಲ್ಲಿ ಒಂದು ಹೇಳಿ ಮೇಡಂ."

ಕಣ್ಣನ್ ತಲೆ ಎತ್ತಿದರು. "ಅವ್ರು ಇಳೀಬೋದಾ ಕೇಳಿದ್ರು ಸಾರ್. ನಾನು ಇಳೀರಿ ಹೇಳಿದೆ. ಸೈಕಲಿಂದ. ಬಸ್ಸಿನೋರಿಗೂ ಅದೇ ಅಲ್ವಾ ಸಾರ್ ನಾನು ದಿನಾ ಹೇಳೋದು?"

"ಬಸ್ಸಿನ ಕತೆ ಬಿಡು. ಈಗ ಬಚಾವಾಗೋಕೆ ಎಲ್ಲಾ ಹೇಳ್ತೀಯ."

ಎರಡರಲ್ಲಿ ಯಾವುದನ್ನು ಹೇಳಿದರೂ ಸುಳ್ಳಾಗುತ್ತಿತ್ತು. ಒಂದು ಸುಳ್ಳು ಬದುಕಿದ್ದವರನ್ನು ಜೈಲಿಗೆ ಕಳಿಸುವುದು. ಇನ್ನೊಂದು, ಇನ್ನು ಮಾತಾಡಲಾರದವಳ ಮೇಲೆ ಬೀಳುವುದು. ನನಗೆ ನಿಧಾನವಾಗಿ ಯೋಚಿಸಿ ಮಾತಾಡುವ ಅಭ್ಯಾಸ. ಅಂದು ಅಷ್ಟು ಸಮಯ ಸಿಗಲಿಲ್ಲ. ವಿರಾಜಪೇಟೆಯ ಬಸ್ಸು ಬಂದು ಗೇಟಿನ ಮುಂದೆ ನಿಂತಿತು.

"ಇಳೀರಿ, ಎಲ್ಲಾ ಇಳೀರಿ! ಮುಂದಕ್ಕೆ ನಡ್ಕೊಂಡೇ ಹೋಗ್ಬೇಕು!" ಎಂದು ಕಂಡಕ್ಟರು ಬಸ್ಸಿನ ತಗಡು ಬಡಿದ.

ಇಳಿದವರಲ್ಲಿ ಜಯಳ ಅಣ್ಣ ನಂಜೇಗೌಡರೂ ಇದ್ದರು. ಆಸ್ಪತ್ರೆಯಲ್ಲಿ ತಂಗಿಯನ್ನು ನೋಡಿ, ಅವಳು ಸತ್ತ ಜಾಗವನ್ನು ನೋಡಲು ಬಂದಿದ್ದರು. ಯಾರನ್ನೂ ಕೇಳದೆ ನೇರ ಕಣ್ಣನ್ ಬಳಿ ಹೋಗಿ, ಅವರ ಅಂಗಿಯ ಕೊರಳು ಹಿಡಿದರು. "ಇವ್ನೇನಾ? ನನ್ ತಂಗೀನ ಹಳ್ಳಕ್ಕೆ ಕಳ್ಸಿದೋನು ಇವ್ನೇನಾ?"

ಪೊಲೀಸಿನವನು ಬಿಡಿಸಿದ. ನಾನು ಅವರ ಎದುರಿಗೆ ಹೋಗಿ ನಿಂತೆ.

"ಗೌಡರೇ, ಈಗ ಕಂಡಕ್ಟರು ಏನು ಕೂಗಿದ?"

ಅವರು ನನ್ನನ್ನು ಹುಚ್ಚಿಯೇನೋ ಎಂಬಂತೆ ನೋಡಿದರು. "ಏನೋ ಕೂಗ್ದ. ಇಳೀರಿ ಅಂದ."

"ನೀವು ಏನು ಮಾಡಿದಿರಿ?"

"ಬಸ್ಸಿಂದ ಇಳ್ದೆ. ಇನ್ನೇನ್ ಮಾಡ್ಬೇಕಿತ್ತು?"

"ಇವರು ಜಯಳಿಗೂ ಅದನ್ನೇ ಹೇಳಿದ್ದು. ಸೈಕಲ್ಲಿಂದ ಇಳೀರಿ ಅಂತ. ಆದರೆ ಜಯ ಕೇಳಿದ್ದು ಘಟ್ಟ ಇಳೀಬಹುದಾ ಅಂತ. ನಾನು ಅವಳ ಹಿಂದೆಯೇ ಇದ್ದೆ. ನನಗೂ ಘಟ್ಟ ಇಳೀರಿ ಅಂತಲೇ ಕೇಳಿಸಿತು. ಇವರು ಓಡದೆ ಇದ್ದಿದ್ದರೆ ನಾನೂ ಅವಳ ಹಿಂದೆ ಹೋಗುತ್ತಿದ್ದೆ."

ಇನ್‌ಸ್ಪೆಕ್ಟರು ಟೋಪಿ ತೆಗೆದು ಜೀಪಿನ ಮೇಲಿಟ್ಟರು.

"ಹಂಗಾರೆ ಅವ್ಳು ಮಾತು ಮೀರ್ಲಿಲ್ಲ" ಎಂದರು ನಂಜೇಗೌಡರು ಕೊನೆಗೆ.

"ಇಲ್ಲ. ಕೇಳಿಯೇ ಹೋದಳು."

"ಅವ್ವ ಅದೊಂದ್ನೇ ಕೇಳ್ತಾವ್ಳೆ ನಿನ್ನೆಯಿಂದ. ಸೈಕಲ್ ಹತ್ತಿದ್ ಮೇಲೆ ನನ್ ಮಗ್ಳು ಯಾರ್ ಮಾತೂ ಕೇಳ್ತಿರ್ಲಿಲ್ವಾ ಅಂತ."

ಅವರು ಜಯಳ ಸೈಕಲ್ಲಿನ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಗಂಟೆಯ ಮುಚ್ಚಳ ತಿರುಗಿಸಿ ತೆಗೆದರು. ಮಣ್ಣನ್ನು ಅಂಗೈಗೆ ಸುರಿದುಕೊಂಡರು. ಆಮೇಲೆ ಎರಡನ್ನೂ ಜೇಬಿಗೆ ಹಾಕಿಕೊಂಡರು. ಕಣ್ಣನ್ ಕಡೆ ಮತ್ತೆ ತಿರುಗಲಿಲ್ಲ. ತಿರುವಿನವರೆಗೆ ಹೋಗಿ ನೋಡಿ ಬಂದು, ವಾಪಸು ಹೊರಟ ಬಸ್ಸು ಹತ್ತುವಾಗ ನನಗೆ ಮಾತ್ರ, "ಮಣ್ಣಿಗೆ ನೀವು ಬರ್ಬೇಡಿ ಟೀಚರಮ್ಮ. ನಿಮ್ಮನ್ನ ನೋಡಿದ್ರೆ ಅವ್ವ ತಡ್ಕಳಲ್ಲ. ಆಮೇಲೆ ಒಂದಿನ ಬನ್ನಿ" ಎಂದರು.

ಇನ್‌ಸ್ಪೆಕ್ಟರು ನನ್ನ ಹೇಳಿಕೆಯನ್ನು ನಾನು ಹೇಳಿದ ಹಾಗೆಯೇ ಬರೆಸಿಕೊಂಡು, ಪೊಲೀಸಿನವನನ್ನು ಜೀಪಿಗೆ ಹತ್ತಲು ಹೇಳಿದರು. ಕಣ್ಣನ್ ಮೆಟ್ಟಿಲ ಮೇಲೆಯೇ ಉಳಿದರು. ಎರಡು ಸೈಕಲ್ಲುಗಳನ್ನು ಮರುದಿನ ಬರುವ ಲಾರಿಯಲ್ಲಿ ಸಾಗಿಸಬೇಕಿದ್ದ ಕಾರಣ ನಾನೂ ಅಂದು ಅಲ್ಲಿಯೇ, ಅವರ ಹೆಂಡತಿಯ ಜೊತೆ ಉಳಿದೆ.

ನಮ್ಮ ಶಾಲೆಯ ಹುಡುಗಿಯರು ಆ ಪ್ರವಾಸಕ್ಕೆ ಹೋಗಲಿಲ್ಲ. ಮುಂದೆ ನಾನು ಬೇರೆ ದಾರಿಗಳನ್ನು ನೋಡಿಬಂದಿದ್ದೇನೆ, ಬೇರೆಯವರಿಗೆ ದಾರಿ ಹೇಳಿದ್ದೇನೆ. ಹೇಳುವ ಮೊದಲು ಕೇಳುವವರ ಮನಸ್ಸಿನಲ್ಲಿರುವ ಪ್ರಶ್ನೆ ಯಾವುದೆಂದು ವಿಚಾರಿಸುತ್ತೇನೆ. ನಾನಾಡುವ ಮಾತು ಸರಿಯಿದ್ದರೆ ಸಾಲದು. ಅವರು ಕೇಳಿದ ಪ್ರಶ್ನೆಗೆ ಅದು ಯಾವ ಉತ್ತರವಾಗಿ ಕೇಳಿಸುತ್ತದೆ ಎಂಬುದನ್ನೂ ನೋಡಬೇಕು. ಈ ಕೆಲಸ ನನಗೆ ಕಲಿಸಿದ್ದು ಇಷ್ಟು.

ನಾನು ಅಲ್ಲಿ ಉಳಿದ ಮರುದಿನ ಬೆಳಿಗ್ಗೆ ಕಣ್ಣನ್ ಗೇಟಿನ ಬಳಿ ಸುಮ್ಮನೆ ನಿಂತಿದ್ದರು. ಕೆಳಗಿನ ಕೆಸರು ಹಾಗೆಯೇ ಇತ್ತು. ಹಾಲಿನವನೊಬ್ಬ ಸೈಕಲ್ಲಿನಲ್ಲಿ ಬಂದಾಗ ಅವರು ಬಾಯಿ ತೆರೆದರು, ದನಿ ಹೊರಡಲಿಲ್ಲ. ಅವನ ದಾರಿಗೆ ಅಡ್ಡ ಬಂದು ಹ್ಯಾಂಡಲ್ ಹಿಡಿದುಕೊಂಡರು.

"ಇನ್ನು ನನಗೆ ಆ ಮಾತು ಬರೋದಿಲ್ಲ ಟೀಚರೇ" ಎಂದರು. "ನಡೀರಿ ಹೇಳಿದ್ರೆ ಆಗ್ತದಾ?"

ಆಗಬಹುದು ಎನ್ನಲು ಹೊರಟು ತಡೆದೆ. "ಬೇಡ. ನಡೀರಿ ಅಂದರೆ ಹೊರಡಿ ಅಂತಲೂ ಆಗುತ್ತೆ."

"ಅಯ್ಯೋ ದೇವರೇ. ಮತ್ತೆ ಏನು ಹೇಳೋದು?"

"ನಿಲ್ಲಿ ಅನ್ನಿ. ಅದಕ್ಕೆ ಬೇರೆ ಅರ್ಥವಿಲ್ಲ. ನಿಂತ ಮೇಲೆ ಮಿಕ್ಕದ್ದು ಹೇಳಿ."

ಅವರು ತುಟಿ ಅಲ್ಲಾಡಿಸಿ ನೋಡಿದರು. ನಾನು ನನ್ನ ಸೈಕಲ್ಲನ್ನು ವಿರಾಜಪೇಟೆಯ ಕಡೆಯ ತಿರುವಿನವರೆಗೆ ನೂಕಿಕೊಂಡು ಹೋಗಿ, ಸೆರಗು ಬಿಗಿದು, ಹತ್ತಿ ಗೇಟಿನ ಕಡೆಗೆ ಬಂದೆ. ಮೊದಲ ಸಲ ಅವರ ದನಿ ನನಗೆ ಕೇಳಿಸಲಿಲ್ಲ. ಸಂದಿನಲ್ಲಿ ನಾನೇ ನಿಲ್ಲಿಸಿ, ಹಿಂದಕ್ಕೆ ಹೋಗಿ, ಮತ್ತೆ ಹತ್ತಿ ಬಂದೆ.

"ನಿಲ್ಲಿ!" ಎಂದು ಅವರು ಕಾಡೆಲ್ಲ ಕೇಳುವಂತೆ ಕೂಗಿದರು.

ನಾನು ಎರಡೂ ಕಾಲನ್ನು ನೆಲಕ್ಕೆ ಊರಿ ನಿಂತೆ.