ನಮ್ಮ ಕಾರಿನ ಮೈಲೇಜ್ ಕದ್ದವರು ಯಾರು?

"ಸರ, ಗಾಡ್ಯಾಗ ಏನೂ ಫಾಲ್ಟ್ ಇಲ್ರಿ. ಇದ್ದ ಫಾಲ್ಟ್ ಎಲ್ಲಾ ನಿಮ್ಮ ಕಾಲಾಗ ಐತ್ರಿ."

ಕೇಶ್ವಾಪುರದ ನಮ್ಮ ಮೆಕ್ಯಾನಿಕ್ ಇಮಾಮಸಾಬ ಹೀಗೆ ಹೇಳಿದಾಗ ನಾನು ಸ್ಟೇರಿಂಗ್ ಹಿಡಿದು ಕೂತಿದ್ದೆ. ಲೀಟರಿಗೆ ಹದಿನೇಳು ಕಿಲೋಮೀಟರ್ ಓಡುತ್ತಿದ್ದ ಕಾರು ಹನ್ನೆರಡಕ್ಕೆ ಇಳಿದಿತ್ತು. ಪೆಟ್ರೋಲ್ ಕಲಬೆರಕೆ ಎಂದು ಬೈದದ್ದಾಯಿತು, ಕಾರು ಮಾಡಿದವರಿಗೆ ಶಾಪ ಹಾಕಿದ್ದೂ ಆಯಿತು. ಕೊನೆಗೆ ಈತನನ್ನು ಪಕ್ಕದಲ್ಲಿ ಕೂರಿಸಿಕೊಂಡು ಬೈರಿದೇವರಕೊಪ್ಪದವರೆಗೆ ಒಂದು ರೌಂಡ್ ಹೊಡೆದೆ. ಪುಣ್ಯಾತ್ಮ ಎಂಜಿನ್ನಿನ ಸದ್ದು ಕೇಳಲೇ ಇಲ್ಲ. ನನ್ನ ಕಾಲನ್ನೇ ನೋಡುತ್ತಿದ್ದ.

"ಕ್ಲಚ್ ಮ್ಯಾಲಿನ ಕಾಲು ತಗಿಯೂದs ಇಲ್ಲ ನೀವು. ಮುಂದ ರೆಡ್ ಸಿಗ್ನಲ್ ಕಾಣಸ್ತಿದ್ರೂ ರೇಸ್ ಮಾಡ್ತೀರಿ, ಆಮ್ಯಾಲೆ ದಬಕ್ಕನ ಬ್ರೇಕ್ ಹಾಕ್ತೀರಿ. ಟೈರಿಗೆ ಗಾಳಿ ಹೊಡಿಸಿ ಎಷ್ಟ್ ದಿನ ಆತ್ರಿ?"

ನೆನಪಾಗಲಿಲ್ಲ. ಏರ್ ಫಿಲ್ಟರ್ ತೆಗೆದು ಕುಟ್ಟಿದ, ಮಣ್ಣು ಉದುರಿತು. ಡಿಕ್ಕಿ ತೆರೆದರೆ ನಾಲ್ಕು ಬಂಡಲ್ ಪುಸ್ತಕ. (ನನ್ನದೇ ಅಂಕಣ ಸಂಕಲನ. ಮಾರಾಟವಾಗದ್ದು. ನಗಬೇಡಿ.)

"ಹೋದ ವರ್ಷ ಈ ಗಾಡಿ ಯಾರು ಓಡಸ್ತಿದ್ರಿ? ಸರ್ವಿಸಿಂಗಿಗೆ ಬಂದಾಗ ಹೂವಿನಂಗ ಇತ್ತು."

ಯಾರು ಅಂತ ಹೇಳಲಿ? ನನ್ನ ಹೆಂಡತಿ ಸುಮಿತ್ರಾ. ಧಾರವಾಡದ ಸಾಲಿಯೊಂದರಲ್ಲಿ ಟೀಚರ್. ನಾನು ಕಾಲು ಮುರಿದುಕೊಂಡು ನಾಲ್ಕು ತಿಂಗಳು ಮನೆಯಲ್ಲಿದ್ದಾಗ ಕಾರು ಆಕೆಯ ಕೈಯಲ್ಲಿತ್ತು. ಪ್ರತಿ ಶನಿವಾರ ಟೈರಿನ ಗಾಳಿ ನೋಡಿಸುತ್ತಿದ್ದಳು. ನನ್ನ ಪುಸ್ತಕಗಳನ್ನು ಇಳಿಸಿ ಅಟ್ಟಕ್ಕೆ ಹಾಕಿದ್ದಳು. (ಮತ್ತೆ ಡಿಕ್ಕಿಗೆ ತಂದು ಹೇರಿದವನು ನಾನೇ.) ಸಿಗ್ನಲ್ ಬಿದ್ದರೆ ಎಂಜಿನ್ ಬಂದ್ ಮಾಡುತ್ತಿದ್ದಳು. ವೇಗ ಐವತ್ತು ದಾಟುತ್ತಿರಲಿಲ್ಲ.

ನಾನು ಸುಮ್ಮನಿದ್ದೆನೆ? ಕುಂಟುತ್ತಾ ಓಡಾಡುವಷ್ಟಾದ ಮೇಲೆ ಪಕ್ಕದ ಸೀಟಿನಲ್ಲಿ ಕೂತು ಶುರು ಮಾಡಿದೆ. "ಒತ್ತು, ಒತ್ತು! ಎತ್ತಿನ ಚಕ್ಕಡಿ ಹೊಡ್ಯಾಕತ್ತೀ ಏನು?" ಡ್ರೈವಿಂಗ್ ಬಲ್ಲ ಗಂಡಸರಿಗೆ ಬಾಯಿಯೂ ಒಂದು ಗೇರ್ ಇದ್ದ ಹಾಗೆ.

ಒಂದು ದಿನ ಹಿಂದಿನ ಸೀಟಿನಲ್ಲಿ ಆಕೆಯ ಸಾಲಿಯ ಇಬ್ಬರು ಟೀಚರ್‌ಗಳಿದ್ದರು. ಸಿಗ್ನಲ್ ಹಸಿರಾಯಿತು. ಬಂದ್ ಮಾಡಿದ್ದ ಎಂಜಿನ್ ಚಾಲೂ ಮಾಡುವಾಗ ಎರಡು ಕ್ಷಣ ತಡವಾಯಿತು, ಅಷ್ಟೇ. ಹಿಂದಿನ ಗಾಡಿಯವರು ಹಾರ್ನ್ ಹೊಡೆದರು. ನನ್ನ ಮರ್ಯಾದೆ ಹೋಯಿತು ಅನಿಸಿತು. "ನಿನಗ ಗಾಡಿ ಹೊಡಿಯಾಕ ಬರೂದಿಲ್ಲ. ಇಳಿ ಕೆಳಗ" ಅಂದುಬಿಟ್ಟೆ.

ರಸ್ತೆ ಬದಿಗೆ ನಿಲ್ಲಿಸಿ ಇಳಿದಳು. ಕೀಲಿ ನನ್ನ ಕೈಗಿಟ್ಟಳು. ಮರುದಿನದಿಂದ ಬಸ್ಸು. ಜಗಳವಿಲ್ಲ, ಮುನಿಸಿಲ್ಲ. ಬಸ್ಸಿನಲ್ಲಿ ಹೋಗುವುದು ಆಕೆಗೇ ಇಷ್ಟ ಅಂತ ಒಂದು ವರ್ಷ ನಂಬಿದ್ದೆ. ನನಗೆ ಅನುಕೂಲವಾದದ್ದನ್ನು ನಂಬಲು ನಾನು ಯಾವಾಗಲೂ ಜಾಣ.

ಮನೆಗೆ ಬಂದು ಎಲ್ಲ ಹೇಳಿದೆ. ಇಮಾಮಸಾಬ ಬೈದದ್ದನ್ನೂ ಮುಚ್ಚಿಡಲಿಲ್ಲ. "ತಪ್ಪು ನಂದು. ನಾಳಿಂದ ನೀನs ಹೊಡಿ, ನಾ ಪಕ್ಕಕ್ಕ ಕೂಡ್ತೇನಿ" ಅಂದೆ. ಕೀಲಿಯನ್ನು ಮುಂದೆ ಹಿಡಿದೆ.

ಸುಮಿತ್ರಾ ಮಕ್ಕಳ ನೋಟ್‌ಬುಕ್ ತಿದ್ದುತ್ತಿದ್ದಳು. ಕೀಲಿಯನ್ನು ನೋಡಿದಳು, ತೆಗೆದುಕೊಳ್ಳಲಿಲ್ಲ.

"ಬ್ಯಾಡ್ರಿ. ಸ್ಟೇರಿಂಗ್ ಹಿಡದ್ರ ಈಗ ಕೈ ನಡಗ್ತಾವ. ಒಮ್ಮೆ ನೀವು ಇಲ್ಲದಾಗ ಕೂತು ನೋಡೇನಿ."

ಸಿಟ್ಟಿನಿಂದ ಹೇಳಿದ್ದರೆ ರಮಿಸಬಹುದಿತ್ತು. ಆಕೆ ಶಾಂತವಾಗಿಯೇ ಹೇಳಿ ಮುಂದಿನ ನೋಟ್‌ಬುಕ್ ತೆಗೆದಳು. ನನಗೆ ನಿಜಕ್ಕೂ ನಾಚಿಕೆಯಾಯಿತು.

ಪೆಟ್ರೋಲ್ ಉಳಿಸುವುದು ಹೇಗೆ ಅಂತ ಕೇಳುತ್ತೀರಾ? ಪಕ್ಕದ ಸೀಟಿನಲ್ಲಿದ್ದಾಗ ಬಾಯಿ ಬಂದ್ ಮಾಡಿ.