ಉಮ್ಮನ ಎರಡು ಫೋಟೋಗಳು

ಗಂಡ ದುಬೈಯಿಂದ ತಂದ ಕ್ಯಾಮರಾವನ್ನು ನಾನು ಮುಟ್ಟಿದ್ದು ಒಂದೇ ಒಂದು ಮಧ್ಯಾಹ್ನ. ವಾಪಸು ಹೊರಡುವ ಮೊದಲು ಅವರು ಮೇಲಿನ ಚಕ್ರವನ್ನು ಆಟೋ ಎಂಬಲ್ಲಿಗೆ ತಿರುಗಿಸಿ, ಬೆಳಕನ್ನೆಲ್ಲ ಅದೇ ಅಳೆದುಕೊಳ್ಳುತ್ತದೆ, ನೀನು ತಲೆ ಹಾಕಬೇಡ ಎಂದಿದ್ದರು. ನನ್ನ ತಲೆಯ ಮೇಲೆ ಅವರಿಗೆ ಯಾವತ್ತೂ ಅಷ್ಟೇ ಗೌರವ. ಕೂತವರ ಬೆನ್ನ ಹಿಂದೆ ಬೆಳಕಿದ್ದರೆ ಮಾತ್ರ ಪಕ್ಕದ ಸಣ್ಣ ಗುಂಡಿಯನ್ನು ಒತ್ತಿ ಹಿಡಿಯಬೇಕಂತೆ.

ಉಮ್ಮನ ಹೊಟ್ಟೆಯಲ್ಲಿ ಗಡ್ಡೆ ಇದೆ, ಕೈ ಮೀರಿದೆ ಎಂದು ಡಾಕ್ಟರು ಹೇಳಿ ಆಗಿತ್ತು. ಸೌದಿಗೆ ಹೋಗಿ ನಾಲ್ಕು ತಿಂಗಳಾಗಿದ್ದ ತಮ್ಮನಿಗೆ ನಾವು ತಿಳಿಸಲಿಲ್ಲ. ಅವನ ಪಾಸ್‌ಪೋರ್ಟ್ ಕೆಲಸ ಕೊಟ್ಟ ಅರಬಿಯ ಕೈಯಲ್ಲಿತ್ತು. ಗೊತ್ತಾದರೆ ಜಗಳ ಮಾಡಿಯಾದರೂ ಓಡಿ ಬರುವವನು, ಬಂದರೆ ಮತ್ತೆ ಆ ಕೆಲಸ ಸಿಗದು. ಬರೀ ಗ್ಯಾಸ್ಟ್ರಿಕ್ ಎಂದು ಕಾಗದದಲ್ಲಿ ಬರೆದವಳು ನಾನೇ. ಅವನಿಗೆ ಅನುಮಾನ ಬಂದಿರಬೇಕು. ಉಮ್ಮನ ಫೋಟೋ ಕಳಿಸು, ಮುಖ ನೋಡಿದರೆ ನನಗೆ ತಿಳಿಯುತ್ತದೆ ಎಂದು ಬರೆದ.

ಹೊರಗಿನ ಗಂಡಸರ ಮುಂದೆ ಉಮ್ಮ ಫೋಟೋಕ್ಕೆ ಕೂರುವವರಲ್ಲ. ಹಾಗಾಗಿ ಕ್ಯಾಮರಾ ನನ್ನ ಕೈಗೆ ಬಂತು. ರೋಲನ್ನು ತೊಳೆದು ಫೋಟೋ ಮಾಡುವವನೂ ಗಂಡಸೇ ಎಂಬುದನ್ನು ನಾನು ಹೇಳಲು ಹೋಗಲಿಲ್ಲ. ಬೆಳ್ತಂಗಡಿಯ ನಮ್ಮ ಮನೆಯ ಒಳಕೋಣೆಯಲ್ಲಿ, ಬಿಸಿಲು ಕಣ್ಣಿಗೆ ಚುಚ್ಚುತ್ತದೆಂದು ಅವರು ಕಿಟಕಿಗೆ ಬೆನ್ನು ಹಾಕಿ ಕೂತರು. ಒಂದು ತೆಗೆದೆ. ಆಮೇಲೆ ಆ ಗುಂಡಿಯ ನೆನಪಾಗಿ, ಅದನ್ನು ಒತ್ತಿ ಹಿಡಿದು ಇನ್ನೊಂದು ತೆಗೆದೆ. ಎರಡನೆಯ ಸಲ ಶಟರ್ ತುಸು ತಡೆದು ಮುಚ್ಚಿತು.

"ಚಂದ ಬರಲಿ ಮಗಳೇ. ಅವ ಹೆದರಬಾರದು" ಎಂದರು ಉಮ್ಮ.

ವಾರ ಬಿಟ್ಟು ಫೋಟೋ ತರಲು ಗುರುವಾಯನಕೆರೆಯ ಸ್ಟುಡಿಯೋಗೆ ಹೋದೆ. ಮೊದಲನೆಯದರಲ್ಲಿ ಕಿಟಕಿಯ ಸರಳು, ಹೊರಗಿನ ಬಾಳೆ ಎಲ್ಲ ಸ್ಪಷ್ಟ. ಉಮ್ಮನ ಮುಖ ಮಸಿ. ಕಿಟಕಿಯ ಬೆಳಕನ್ನು ನೋಡಿ ಕ್ಯಾಮರಾ ಮೋಸ ಹೋಗಿತ್ತು. ಎರಡನೆಯದರಲ್ಲಿ ಕಿಟಕಿ ಬರೀ ಬಿಳಿ, ಮುಖ ಮಾತ್ರ ಪೂರ್ತಿ ಕಾಣುತ್ತಿತ್ತು. ದಿನಾ ಅನ್ನ ಕಲಸಿ ಉಣಿಸುವ ನಾನು ಆ ಮುಖವನ್ನು ಸರಿಯಾಗಿ ನೋಡಿಯೇ ಇರಲಿಲ್ಲ. ಗುಳಿಬಿದ್ದ ಕೆನ್ನೆ, ಎದ್ದು ನಿಂತ ಮೂಳೆ, ಹೆದರಿದ ಕಣ್ಣು.

"ಉಮ್ಮನಿಗೆ ತುಂಬಾ ಜೋರು ಉಂಟಾ ಅಕ್ಕ?" ಎಂದು ಸ್ಟುಡಿಯೋದವರು ಮೆಲ್ಲಗೆ ಕೇಳಿದರು. ನಾನು ಲಕೋಟೆ ತೆಗೆದುಕೊಂಡು ಬಸ್ಸು ಹತ್ತಿದೆ.

ತಮ್ಮನಿಗೆ ಕಳಿಸಿದ್ದು ಮೊದಲನೆಯದನ್ನು. ಭಾವನ ಆಟೋ ಕ್ಯಾಮರಾದ ಹಣೆಬರಹ, ಏನು ಮಾಡುವುದು, ಉಮ್ಮ ಚೆನ್ನಾಗಿದ್ದಾರೆ ಎಂದು ಜೊತೆಗೆ ಬರೆದೆ. ಅವನು ಫೋನಿನಲ್ಲಿ ಭಾವನನ್ನು ಆಡಿಕೊಂಡು ನಕ್ಕ.

ಅದಾಗಿ ನಲವತ್ತು ದಿನವೂ ಆಗಲಿಲ್ಲ, ಉಮ್ಮ ತೀರಿಕೊಂಡರು. ನಮ್ಮಲ್ಲಿ ತೀರಿಕೊಂಡವರ ಮಯ್ಯತ್ತನ್ನು ಯಾರಿಗಾಗಿಯೂ ಕಾಯಿಸುವುದಿಲ್ಲ. ಅಂದೇ ಸಂಜೆಯ ಅಸರ್ ನಮಾಜಿನ ಹೊತ್ತಿಗೆ ದಫನ ಮುಗಿದಿತ್ತು. ತಮ್ಮ ಬಂದದ್ದು ಮೂರು ತಿಂಗಳ ಮೇಲೆ. ಪರ್ಸಿನಿಂದ ಆ ಕಪ್ಪು ಫೋಟೋ ತೆಗೆದು ತೊಡೆಯ ಮೇಲಿಟ್ಟುಕೊಂಡ.

"ಭಾವನ ಕ್ಯಾಮರಾ ಸರಿ ಇದ್ದಿದ್ರೆ, ಉಮ್ಮನ ಮುಖ ನೋಡಿ ನಾನು ಅವತ್ತೇ ಬರ್ತಿದ್ದೆ" ಎಂದ.

ಕ್ಯಾಮರಾ ಸರಿಯೇ ಇತ್ತು ಎಂದು ಅವನಿಗೆ ನಾನು ಇವತ್ತಿನವರೆಗೂ ಹೇಳಿಲ್ಲ.